ನಾಯಿಯ ತೂಕದಲ್ಲಿ ಮುರಿದುಕೊಂಡಿದ್ದು

ನಮ್ಮ ಸೀಮೆಯ ಜನ ಸರಿಯಾಗಿ ಪರೀಕ್ಷೆ ಮಾಡುವುದು ಒಂದೇ ವಸ್ತುವನ್ನು, ಅದು ತೆಂಗಿನಕಾಯಿ. ಅಂಗೈಯಲ್ಲಿಟ್ಟು ತೂಗಿ ನೋಡುತ್ತಾರೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಉಗುರಿನಿಂದ ತಟ್ಟುತ್ತಾರೆ. ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಕಾಯುತ್ತಾರೆ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುವವರೆಗೂ ಅದರ ಬಗ್ಗೆ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಒಂದು ಮಾತು ಆಡುವುದಿಲ್ಲ. ಅದೇ ಒಬ್ಬ ಮನುಷ್ಯ ಅಥವಾ ಒಂದು ಮೂಕಪ್ರಾಣಿ ಕಾಯಿಲೆ ಬಿದ್ದರೆ, ನಾಲ್ಕು ಮಾರು ದೂರದಲ್ಲಿ ಕೈ ಕಟ್ಟಿಕೊಂಡು ನಿಂತು ತಕ್ಷಣ ತೀರ್ಪು ಕೊಟ್ಟುಬಿಡುತ್ತಾರೆ.

ನನ್ನ ಅಕ್ಕನ ನಾಯಿಗೆ ಹುಚ್ಚು ಹಿಡಿದಿದೆ ಎಂದು ತೀರ್ಪಾದದ್ದು ಹೀಗೆಯೇ.

ಅಕ್ಕ ನನಗಿಂತ ಹಿರಿಯಳು. ಭಾವ ತೀರಿಕೊಂಡ ಮೇಲೆ ತುರುವೇಕೆರೆ ತಾಲ್ಲೂಕಿನ ನಮ್ಮ ತೋಟಕ್ಕೇ ಬಂದು, ನಮ್ಮ ಮನೆಯ ಪಕ್ಕದಲ್ಲಿ ಒಂದು ಚಿಕ್ಕ ಮನೆ ಕಟ್ಟಿಸಿಕೊಂಡಿದ್ದಾಳೆ. ಆ ನಾಯಿಯನ್ನು ಅವಳು ಕೇಳಿ ತಂದದ್ದಲ್ಲ. ತಿಪಟೂರಿನಲ್ಲಿ ನಮಗೆ ದೂರದ ನೆಂಟರ ಮನೆಯೊಂದಿದೆ, ಅಂಗಡಿ ಇಟ್ಟವರು. ಅವರು ಶೋಕಿಗೆಂದು ದೊಡ್ಡ ಜಾತಿಯ ಮರಿ ತಂದರು. ಮರಿಯಾಗಿದ್ದಾಗ ಎತ್ತಿಕೊಂಡು ಫೋಟೋ ತೆಗೆಸಿಕೊಂಡರು. ಅದು ಕರುವಿನ ಎತ್ತರಕ್ಕೆ ಬೆಳೆದು, ತುಟಿ ಜೋತು ಬಿದ್ದು, ಸೋಫಾದ ತುಂಬ ಜೊಲ್ಲು ಸುರಿಸತೊಡಗಿದಾಗ, 'ತೋಟದಲ್ಲಿ ಆರಾಮಾಗಿ ಇರುತ್ತೆ, ಕಾವಲಿಗೂ ಆಗುತ್ತೆ' ಎಂದು ತಂದು ಬಿಟ್ಟು ಹೋದರು. ಮರಿ ದೊಡ್ಡದಾಗುತ್ತದೆ ಎನ್ನುವುದನ್ನು ಅವರಿಗೆ ಮೊದಲು ಯಾರೂ ಹೇಳಿರಲಿಲ್ಲವೋ ಏನೋ.

ಕಾವಲಿನ ಮಾತು ಬಂತಲ್ಲ, ಅದನ್ನೂ ಹೇಳುತ್ತೇನೆ. ಈ ನಾಯಿ ಕೊಡೆ ಬಿಚ್ಚಿದರೆ ಹೆದರುತ್ತದೆ. ಕುಕ್ಕರ್ ಕೂಗಿದರೆ ಹೆದರುತ್ತದೆ. ಗಾಳಿಗೆ ಹಾರುವ ಪ್ಲಾಸ್ಟಿಕ್ ಕವರು ಕಂಡರೆ ಅಕ್ಕನ ಸೀರೆಯ ಹಿಂದೆ ನಿಲ್ಲುತ್ತದೆ. ಸೀರೆಯ ಹಿಂದೆ ಅಡಗುವಷ್ಟು ಚಿಕ್ಕ ಪ್ರಾಣಿಯೂ ಅಲ್ಲ, ಆದರೆ ಅದಕ್ಕೆ ಅದು ತಿಳಿಯದು. ಎಲ್ಲಕ್ಕಿಂತ ಹೆಚ್ಚಾಗಿ ಮರದಿಂದ ಕಾಯಿ ಬಿದ್ದ ಸದ್ದಿಗೆ ನಡುಗುತ್ತದೆ. ತೆಂಗಿನ ತೋಟದಲ್ಲಿರುವ ನಾಯಿಗೆ ಕಾಯಿ ಬೀಳುವ ಸದ್ದೇ ಆಗದು ಅಂದರೆ ಅದರ ಜೀವನ ಹೇಗಿರಬಹುದೆಂದು ನೀವೇ ಯೋಚಿಸಿ. ಅಕ್ಕ ಅದನ್ನು 'ಮಗ' ಎಂದು ಕರೆಯುತ್ತಾಳೆ. ನಾನು ಏನೂ ಕರೆಯುವುದಿಲ್ಲ.

ನಾನು ನಾಯಿ ಸಾಕುವ ಪೈಕಿಯವನಲ್ಲ. ಚಿಕ್ಕಂದಿನಲ್ಲಿ ಮಠದ ಹಾಸ್ಟೆಲಿನಲ್ಲಿ ಬೆಳೆದವನು. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಪ್ರಾರ್ಥನೆ, ಗಂಟೆ ಹೊಡೆದರೆ ಮುದ್ದೆ. ತಟ್ಟೆ ತೊಳೆದು ಬೋರಲು ಹಾಕಿದ್ದನ್ನು ಮೇಲ್ವಿಚಾರಕರು ಬಂದು ನೋಡಿದ ಮೇಲೆಯೇ ಹೊರಗೆ ಕಾಲಿಡಬೇಕು. ಆಮೇಲೆ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ಅದನ್ನೇ ನೂರಾರು ಮಕ್ಕಳಿಗೆ ಕಲಿಸಿದೆ. ಈಗಲೂ ನಸುಕಿನಲ್ಲೇ ಎದ್ದು, ಸ್ನಾನ, ಲಿಂಗಪೂಜೆ ಮುಗಿಸಿ, ತೋಟ ಒಂದು ಸುತ್ತು ಹಾಕಿ ಬಂದ ಮೇಲೆಯೇ ನನಗೆ ಕಾಫಿ. ಹೊತ್ತಿಗೆ ಸರಿಯಾಗಿ ನಡೆಯುವವನಿಗೆ ಹೆದರಿಕೆ ಕಡಿಮೆ ಎಂಬುದು ನನ್ನ ಅನುಭವ. ಮುಂದೆ ಏನು ಎಂದು ಅವನಿಗೆ ಗೊತ್ತಿರುತ್ತದೆ. ಆ ನಾಯಿಗೆ ಯಾವತ್ತೂ ಮುಂದೆ ಏನೆಂದು ಗೊತ್ತಿರಲಿಲ್ಲ.

ಅವತ್ತು ಕಾಯಿ ಕೆಡವುವ ದಿನ. ಮೂರು ಜನ ದೋಟಿ ಹೊತ್ತು ಬಂದಿದ್ದರು. ದೋಟಿ ಅಂದರೆ ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ಗಳು. ಅವರಲ್ಲಿ ಹಿರಿಯವನೇ ಮಾತುಗಾರ. ನಾನು ಪೂಜೆ ಮುಗಿಸಿ ಹೊರಗೆ ಬಂದಾಗ ದೋಟಿಗಳನ್ನು ಬೇಲಿಗೆ ಒರಗಿಸಿ ಮೂವರೂ ಬೇಲಿಯಾಚೆ ನಿಂತಿದ್ದರು.

"ಯಾಕಯ್ಯ, ಒಳಗೆ ಬರೋದಿಲ್ವೆ?"

"ನಾಯಿ ನೋಡಿ ಮೇಷ್ಟ್ರೇ," ಅಂದ ಹಿರಿಯವನು. "ಜೊಲ್ಲು ಹೆಂಗೆ ಸುರಿಸ್ತೈತೆ. ಹುಚ್ಚು ಕಣ್ರೀ."

"ಅದು ಯಾವತ್ತು ಜೊಲ್ಲು ಸುರಿಸಿರಲಿಲ್ಲ?"

"ಇದು ಬೇರೆ ಜೊಲ್ಲು."

"ಜೊಲ್ಲಲ್ಲೂ ಜಾತಿ ಐತೇನಯ್ಯ?"

ಅವನು ನಗಲಿಲ್ಲ. ನಾಯಿ ಜಗಲಿಯ ಮೂಲೆಯಲ್ಲಿ ಕೂತಿತ್ತು. ಎದೆ ಪೂರ್ತಿ ಒದ್ದೆ. ಬಾಯಿ ಸ್ವಲ್ಪ ತೆರೆದೇ ಇತ್ತು. ಮುಂಗಾಲಿನಿಂದ ಮೂತಿಯನ್ನು ಉಜ್ಜಿಕೊಳ್ಳುತ್ತಿತ್ತು, ನಡುಗುತ್ತಿತ್ತು. ಹಿಂದಿನ ದಿನದಿಂದ ಮುದ್ದೆ ಮುಟ್ಟಿಲ್ಲ, ನೀರಿನ ತೊಟ್ಟಿಯ ಹತ್ತಿರ ಹೋಗುತ್ತದೆ, ಕುಡಿಯದೆ ಬರುತ್ತದೆ ಎಂದು ಅಕ್ಕ ಹೇಳಿದಳು. ಅವಳು ಹೇಳಿದ್ದು ನನಗೆ. ಕೇಳಿಸಿಕೊಂಡವನು ಅವನು.

"ನೋಡಿದ್ರಾ. ನೀರು ಕಂಡ್ರೆ ಆಗಲ್ಲ."

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಪರೀಕ್ಷೆ ಮಾಡಿಯೇ ತೀರುತ್ತೇನೆಂದು ಬೇಲಿಯ ಪಕ್ಕದ ಬಾನಿಯಿಂದ ಒಂದು ಬಿಂದಿಗೆ ನೀರು ಮೊಗೆದು, ಬೇಲಿಯ ಮೇಲಿಂದಲೇ ನಾಯಿಯ ಮೇಲೆ ಎರಚಿದ. ನಾಯಿ ಎದ್ದೂ ಬಿದ್ದೂ ಅಕ್ಕನ ಮನೆಯೊಳಗೆ ಓಡಿ ಮಂಚದ ಕೆಳಗೆ ನುಗ್ಗಿತು. ಮಂಚವೇ ಅರ್ಧ ಅಡಿ ಮೇಲೆದ್ದಿತು.

"ಇನ್ನೇನು ಬೇಕು," ಅಂದ ಅವನು, ಲೆಕ್ಕ ಬಿಡಿಸಿ ಉತ್ತರ ಬಂದ ಹುಡುಗನ ಹಾಗೆ.

ಮೇಲೆ ಬಿಂದಿಗೆ ನೀರು ಎರಚಿದರೆ ನಾನೂ ಓಡುತ್ತೇನೆ. ಪ್ಲಾಸ್ಟಿಕ್ ಕವರಿಗೆ ಹೆದರುವ ನಾಯಿಯನ್ನು ಹೆದರಿಸಿ ನೋಡಿ, ಅದು ಹೆದರಿತು, ಆದ್ದರಿಂದ ಹುಚ್ಚು ಎನ್ನುವ ಬುದ್ಧಿವಂತಿಕೆಗೆ ನನ್ನಲ್ಲಿ ಮದ್ದಿರಲಿಲ್ಲ. ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದವರೂ ಬೇಲಿಯ ಹತ್ತಿರ ಸೇರಿದರು. ಒಬ್ಬ, ಹುಣ್ಣಿಮೆ ಹತ್ತಿರ ಬಂತಲ್ಲ ಅಂದ. ಇನ್ನೊಬ್ಬ, ಸಂಪಿಗೆ ಊರಿನ ದೇವಸ್ಥಾನಕ್ಕೆ ಹೋಗಿ ತೀರ್ಥ ತಂದು ಹಾಕಿ ನೋಡಿ ಅಂದ. ನೀರೇ ಇಳಿಯದ ಬಾಯಿಗೆ ತೀರ್ಥ ಹೇಗೆ ಇಳಿಯುತ್ತದೆ ಎಂದು ಕೇಳಿದೆ. ಅದು ದೇವರಿಗೆ ಬಿಟ್ಟದ್ದು ಅಂದ. ಯಾರೊಬ್ಬರೂ ಹತ್ತಿರ ಹೋಗಿ ಬಾಯೊಳಗೆ ನೋಡೋಣ ಅನ್ನಲಿಲ್ಲ. ಹೋಗುವುದು ಕ್ಷೇಮವೂ ಅಲ್ಲ, ಅದನ್ನು ಒಪ್ಪುತ್ತೇನೆ. ನಿಜವಾಗಿ ಹುಚ್ಚೇ ಆಗಿದ್ದರೆ ಕೈ ಹಾಕಿದವನ ಕಥೆ ಮುಗಿಯಿತು. ಆದರೆ ಗೊತ್ತಿಲ್ಲ ಎನ್ನುವ ಒಂದು ಮಾತು ಬಾಯಿಂದ ಹೊರಡುವುದಕ್ಕೆ ಇವರಿಗೆ ಏನು ಕಷ್ಟ.

ಕೊನೆಗೆ ದೋಟಿಯವನು ಹೇಳಿದ: "ಇವತ್ತು ನಾವು ತೋಟಕ್ಕೆ ಇಳಿಯಲ್ಲ ಮೇಷ್ಟ್ರೇ. ಸಂಜೆ ಒಳಗೆ ಡಾಕ್ಟ್ರ ಹತ್ರ ತೋರ್ಸ್ಕೊಂಡು ಬನ್ನಿ. ಹುಚ್ಚಲ್ಲ ಅಂದ್ರೆ ಸರಿ. ಇಲ್ಲಾಂದ್ರೆ ಊರಲ್ಲಿ ಮಕ್ಕಳು ಮರಿ ಅವೆ, ನಾವೇ ನೋಡ್ಕೋತೀವಿ."

'ನೋಡ್ಕೋತೀವಿ' ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಿಂದೊಂದು ಸಲ ಹೀಗೆಯೇ ಒಂದು ಬೀದಿನಾಯಿಯನ್ನು ನೋಡಿಕೊಂಡಿದ್ದರು. ಅದು ಅಕ್ಕನಿಗೂ ನೆನಪಿತ್ತು. ಅವಳು ಒಳಗೆ ಹೋಗಿ, ಮಂಚದ ಪಕ್ಕ ನೆಲದ ಮೇಲೆ ಕೂತಳು.

ನಮ್ಮ ಹತ್ತಿರದ ಪಶುವೈದ್ಯರು ಹಸುಗಳಿಗೆ ಲಸಿಕೆ ಹಾಕಲು ಹಳ್ಳಿಗಳ ಮೇಲೆ ಹೋಗಿದ್ದರು. ಫೋನಿನಲ್ಲಿ, ಇಂಥ ದೊಡ್ಡ ನಾಯಿಗೆ ತಿಪಟೂರಿಗೇ ಹೋಗಿ ಎಂದರು. ಕಾರಿನವರು ಯಾರೂ ಬರಲಿಲ್ಲ. ಕಿಬ್ಬನಹಳ್ಳಿಯಲ್ಲಿ ಮೆಕ್ಯಾನಿಕ್ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ, ಸಾಬರ ಹುಡುಗ. ಹುಡುಗ ಅಂದರೆ ಈಗ ಅವನ ಗಡ್ಡವೂ ನರೆತಿದೆ. ಕಾಯಿ ಸಾಗಿಸಲು ಒಂದು ಲಗೇಜ್ ಆಟೋ ಇಟ್ಟುಕೊಂಡಿದ್ದಾನೆ. ಅವನಿಗೆ ಫೋನ್ ಮಾಡಿದೆ.

"ನಾಯಿನಾ ಸಾರ್?" ಅಂದ. "ಬತ್ತೀನಿ. ಆಮೇಲೆ ಗಾಡಿ ತೊಳೀಬೇಕು, ನಾನೂ ಸ್ನಾನ ಮಾಡ್ಬೇಕು, ಸಂಜೆ ನಮಾಜಿಗೆ ಹೋಗೋನು."

"ನಾನೂ ಸ್ನಾನ ಮಾಡಬೇಕು. ಬೆಳಗ್ಗೆ ಒಂದು ಸಲ ಆಗಿದೆ. ನಿನ್ನೊಬ್ಬನಿಗೇ ಅಲ್ಲ ಕಷ್ಟ."

"ಹಂಗಾದ್ರೆ ಸರಿ ಬುಡಿ ಸಾರ್."

ಅಷ್ಟು ಜನರಲ್ಲಿ ತಕರಾರಿಲ್ಲದೆ ಬಂದವನು ಅವನೊಬ್ಬನೇ. ಆದರೆ ಗಾಡಿಯ ಹಿಂದೆ ನಾಯಿ ಹತ್ತಬೇಕಲ್ಲ. ಎಳೆದರೆ ಕೂರುತ್ತದೆ, ತಳ್ಳಿದರೆ ಮಲಗುತ್ತದೆ. ನನ್ನ ಜೇಬಿನಲ್ಲಿ ಹಳೆಯ ಸೀಟಿ ಯಾವಾಗಲೂ ಇರುತ್ತದೆ, ಊದಿ ನೋಡಿದೆ. ನಾಯಿ ಗಾಡಿಯ ಅಡಿಗೆ ಹೋಯಿತು. ಅಕ್ಕ ನನ್ನನ್ನು ದುರುಗುಟ್ಟಿ ನೋಡಿ, "ಅದೇನು ನಿನ್ನ ಸ್ಕೂಲಿನ ಹುಡುಗನೇನೋ," ಅಂದಳು. ಆಮೇಲೆ ತಾನೇ ಗಾಡಿಯ ಹಿಂದೆ ಹತ್ತಿ, ಗೋಣಿಚೀಲ ಹಾಸಿಕೊಂಡು ಕೂತು, "ಬಾ ಮಗ" ಅಂದಳು. ಅದು ಹತ್ತಿತು. ಅವಳ ತೊಡೆಯ ಮೇಲೆ ತಲೆ ಇಟ್ಟಿತು. ಸೀರೆ ಒಂದೇ ಗಳಿಗೆಯಲ್ಲಿ ನೆನೆದುಹೋಯಿತು.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸುಗಳಿಗಾಗಿ ನಿಂತೆವು. ಅಲ್ಲಿ ನಾಲ್ಕು ಕಡೆಯಿಂದಲೂ ಹಾರ್ನು. ಬಸ್ಸಿನ ಕಿಟಕಿಗಳಿಂದ ಮೊಬೈಲುಗಳು ಹೊರಗೆ ಬಂದವು. ಮುದುಕಿಯೊಬ್ಬಳು ಕರುವಿನಂಥ ನಾಯಿಯನ್ನು ತಬ್ಬಿಕೊಂಡು ಲಗೇಜ್ ಆಟೋದಲ್ಲಿ ಕೂತಿರುವುದನ್ನು ಊರೂರಿಗೆ ತೋರಿಸದಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಕಬ್ಬಿನ ಹಾಲಿನ ಅಂಗಡಿಯವನು ಹತ್ತಿರ ಬಂದು, "ಇದು ಏನು ತಿನ್ನುತ್ತೆ?" ಅಂದ. "ಪ್ರಶ್ನೆ ಕೇಳೋರನ್ನ," ಅಂದ ನಮ್ಮ ಆಟೋದವನು. ಶಾಲೆಯಲ್ಲಿ ಇವನಿಗೆ ಇಷ್ಟು ಬುದ್ಧಿ ಇದ್ದದ್ದು ನನಗೆ ನೆನಪಿಲ್ಲ.

ತಿಪಟೂರಿನ ಪಶುವೈದ್ಯರ ಕ್ಲಿನಿಕ್ಕು ಒಂದು ಮನೆಯ ಮುಂದಿನ ಕೋಣೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಮೊದಲು ದೂರದಿಂದಲೇ ನೋಡಿದಳು. ಅದನ್ನು ನಾನು ತಪ್ಪೆನ್ನಲಾರೆ, ಯಾಕೆಂದರೆ ಆಮೇಲೆ ಅವಳು ಹತ್ತಿರವೂ ಬಂದಳು. ನಡುವೆ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಕೇಳಿದಳು. ವರ್ಷವರ್ಷ ಹುಚ್ಚಿನ ಲಸಿಕೆ ಹಾಕಿಸಿದ್ದೀರಾ? ಹಾಕಿಸಿದ್ದೇವೆ, ಆ ತಾರೀಖು ನಾನೇ ಮರೆಯದೆ ಇಟ್ಟುಕೊಳ್ಳುತ್ತೇನೆ. ಯಾವುದಾದರೂ ನಾಯಿ ಕಚ್ಚಿದೆಯಾ? ಇದನ್ನು ಕಚ್ಚುವಷ್ಟು ಹತ್ತಿರಕ್ಕೆ ಬೇರೆ ನಾಯಿ ಬಂದರೆ ಇದು ಮನೆಯೊಳಗೇ ಇರುತ್ತದೆ. ನೀರು ಕಂಡರೆ ಓಡುತ್ತಾ, ಕುಡಿಯೋಕೆ ಹೋಗಿ ಬಿಡುತ್ತಾ?

"ಹೋಗುತ್ತೆ ಕಣವ್ವ," ಅಂದಳು ಅಕ್ಕ. "ಮೂತಿ ಇಡುತ್ತೆ. ನಾಲಿಗೆ ಬರಲ್ಲ."

"ಬಾಯಲ್ಲಿ ಏನೋ ಇರಬೇಕು ಅಜ್ಜಿ. ಆದ್ರೆ ಇಷ್ಟು ಹೆದರಿರೋ ನಾಯಿ ಬಾಯಿ ಹಂಗೇ ತೆಗ್ಸಕ್ಕಾಗಲ್ಲ. ಮಂಪರಿನ ಇಂಜೆಕ್ಷನ್ ಕೊಟ್ಟು ನೋಡ್ತೀನಿ. ತೂಕ ಎಷ್ಟು?"

ತೂಕ ಯಾರಿಗೆ ಗೊತ್ತು. ಅವಳ ಹತ್ತಿರ ಇದ್ದದ್ದು ಪುಟ್ಟ ನಾಯಿಗಳನ್ನು ಕೂರಿಸುವ ತೂಕದ ಯಂತ್ರ. ನಮ್ಮದರ ಎರಡು ಕಾಲಿಗೇ ಅದು ತುಂಬಿಹೋಯಿತು. ಪಕ್ಕದ ಬೀದಿಯಲ್ಲೇ ಕೊಬ್ಬರಿ ಮಂಡಿಗಳಿವೆಯಲ್ಲ, ಅಲ್ಲಿ ತೂಗಿಸಿಕೊಂಡು ಬನ್ನಿ, ಅಂದಾಜಿನ ಮೇಲೆ ಈ ಮದ್ದು ಕೊಡಬಾರದು ಅಂದಳು.

ನಾವು ಕೊಬ್ಬರಿ ಹಾಕುವ ಮಂಡಿ ಹತ್ತಿರವೇ ಇತ್ತು. ಮಂಡಿಯ ಸಾಹುಕಾರ ನಮ್ಮವನೇ, ಹಣೆ ತುಂಬ ವಿಭೂತಿ, ಮಾತಿನ ತುಂಬ ಬೆಣ್ಣೆ. ನಾಯಿಯನ್ನು ತೂಗಬೇಕು ಅಂದಾಗ ಅವನಿಗೆ ಬಹಳ ಸಂತೋಷವಾಯಿತು. ಯಂತ್ರದ ಹಲಗೆಯ ಕಬ್ಬಿಣ ಕಾಲಿಗೆ ತಣ್ಣಗಾಗಿ ನಾಯಿ ಹತ್ತಲೊಲ್ಲದು, ಅದಕ್ಕೆ ಒಂದು ಗೋಣಿಚೀಲ ಹಾಸಿದೆವು. ನಾನು ಯಂತ್ರಕ್ಕೆ ಬೆನ್ನು ಮಾಡಿ ನಾಯಿಯ ತಲೆಯ ಹತ್ತಿರ ನಿಂತೆ. ಅಕ್ಕ ಎದುರಿಗೆ ಕುಕ್ಕರಗಾಲಲ್ಲಿ ಕೂತು, "ಕೂತ್ಕೊ ಮಗ, ಏನೂ ಇಲ್ಲ," ಅನ್ನುತ್ತಿದ್ದಳು. ನಾಯಿ ಕೂತಿತು. ಸಾಹುಕಾರ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕತ್ತು ನೀಡಿ ಅಂಕಿ ನೋಡಿ ಕೂಗಿದ: "ನಲವತ್ತೆಂಟು."

ಅದನ್ನೇ ತಂದು ಡಾಕ್ಟರಮ್ಮನಿಗೆ ಹೇಳಿದೆ. ಅವಳು ನಾಯಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಇಷ್ಟು ದೊಡ್ಡದು ಬರೀ ನಲವತ್ತೆಂಟಾ?" ಅಂದಳು. ಮಂಡಿಯ ತೂಕವಮ್ಮ ಅಂದೆ. ಆ ಮಾತನ್ನು ನಾನು ಆಡಿದ್ದು ಭರವಸೆ ಕೊಡುವುದಕ್ಕೆ.

ಇಂಜೆಕ್ಷನ್ ಕೊಟ್ಟ ಮೇಲೆ ಕಾಯಬೇಕಾಯಿತು. ನಾಯಿ ನೆಲದ ಚಾಪೆಯ ಮೇಲೆ ಮೆಲ್ಲಗೆ ಕುಸಿದು, ಕಣ್ಣು ಅರೆ ಮುಚ್ಚಿತು. ಅಕ್ಕ ಅದರ ಕಿವಿ ಸವರುತ್ತ ನನಗೆ ಕೇಳುವಷ್ಟು ಮಾತ್ರ ಮೆಲ್ಲಗೆ ಹೇಳಿದಳು: "ಹುಚ್ಚೇ ಅಂದ್ರೆ ಇಲ್ಲೇ ಏನೋ ಕೊಟ್ಟು ಮಲಗಿಸ್ಲಿ ಕಣೋ ತಮ್ಮ. ಅವರ ಕೈಗೆ ಕೊಡಬೇಡ. ಹೊಡ್ತಕ್ಕೆ ಮೊದ್ಲು ಇದು ಹೆದರಿಕೆಗೇ ಎಷ್ಟು ಸಲ ಸಾಯ್ತದೋ." ಅವಳೂ ಹಿಂದಿನ ದಿನದಿಂದ ಊಟ ಮಾಡಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಕೊಡುವುದಿಲ್ಲ ಅಂದೆ.

ಡಾಕ್ಟರಮ್ಮ ದಪ್ಪನೆಯ ಗ್ಲೌಸು ಹಾಕಿಕೊಂಡು, ದವಡೆ ಅಗಲಿಸಿ, ಬ್ಯಾಟರಿ ಬಿಟ್ಟು ನೋಡಿದಳು. "ಸಿಕ್ತು," ಅಂದಳು. "ಅಂಗುಳಿಗೆ ಅಡ್ಡ ಏನೋ ಕೂತಿದೆ. ಎರಡೂ ಕಡೆ ಹಲ್ಲಿಗೆ ಸಿಕ್ಕಾಕ್ಕೊಂಡು ಬಿಗಿದಿದೆ. ಬಾಯಿ ಮುಚ್ಚಕ್ಕೂ ಆಗಲ್ಲ, ನುಂಗಕ್ಕೂ ಆಗಲ್ಲ, ಪಾಪ." ಇಕ್ಕಳ ತೆಗೆದುಕೊಂಡು ಅದನ್ನು ಹಿಡಿದು ಒಂದು ಸಲ ಎಳೆದಳು.

ನಾಯಿಗೆ ಎಚ್ಚರವಾಯಿತು.

ಅರ್ಧ ನಿದ್ದೆ, ಅರ್ಧ ಭಯ. ಒಂದೇ ಸಲಕ್ಕೆ ಎದ್ದು ನಿಂತಿತು. ದವಡೆ ಕಚ್ಚಿದ್ದು ಇಕ್ಕಳದ ಮೇಲೆ. ಒಂದು ಬೆರಳಿನಷ್ಟು ಈಚೆಗಾಗಿದ್ದರೆ ಡಾಕ್ಟರಮ್ಮನ ಕೈ. ತಟ್ಟೆ ಸೀಸೆಗಳೆಲ್ಲ ನೆಲಕ್ಕೆ ಬಿದ್ದವು. ಆ ಸದ್ದಿಗೆ ಇನ್ನಷ್ಟು ಹೆದರಿ, ಬೆಂಚಿನ ಅಡಿಗೆ ನುಗ್ಗಿ, ಬೆಂಚನ್ನು ಬೆನ್ನ ಮೇಲೆ ಹೊತ್ತುಕೊಂಡೇ ಮೂಲೆಗೆ ಹೋಗಿ ನಿಂತಿತು. ನಮ್ಮ ಆಟೋದವನು ಬಾಗಿಲಾಚೆ ನಿಲ್ಲಿಸಿದ್ದ ಯಾರದೋ ಸ್ಕೂಟರಿನ ಸೀಟಿನ ಮೇಲೆ ಹತ್ತಿ ನಿಂತಿದ್ದ.

"ಇಳಿಯೋ," ಅಂದೆ.

"ಅದು ಮೊದ್ಲು ಕೂತ್ಕೊಳ್ಲಿ ಸಾರ್."

ಅಕ್ಕ ಮೂಲೆಗೆ ಹೋಗಿ, ಬೆಂಚು ಎತ್ತಿ ಪಕ್ಕಕ್ಕಿಟ್ಟು, ಅದರ ಎದುರು ಕೂತಳು. ನಾಯಿ ತೂರಾಡುತ್ತ ಅವಳ ಭುಜಕ್ಕೆ ಒರಗಿತು.

ಡಾಕ್ಟರಮ್ಮ ಗ್ಲೌಸು ತೆಗೆಯುತ್ತ ಕೇಳಿದಳು: "ತೂಕ ಮಂಡೀದು ಅಂದ್ರಲ್ಲ. ಎಷ್ಟು ಮುರ್ಕೊಂಡ್ರು?"

ಅವಳೂ ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಯವಳಂತೆ. ಆಮೇಲೆ ಗೊತ್ತಾಯಿತು.

ನಮ್ಮಲ್ಲಿ ಮಂಡಿಗೆ ಕೊಬ್ಬರಿ ಹಾಕುವವರಿಗೆಲ್ಲ ಇದು ಅಭ್ಯಾಸವಾಗಿ ಹೋಗಿದೆ. ಯಂತ್ರ ತೋರಿಸುವುದು ಒಂದು, ಸಾಹುಕಾರ ಕೂಗುವುದು ಇನ್ನೊಂದು. ಚೀಲಕ್ಕಿಷ್ಟು, ತೇವಕ್ಕಿಷ್ಟು, ಒಡಕಿಗಿಷ್ಟು ಎಂದು ಮುರಿದುಕೊಂಡೇ ಬಾಯಿ ತೆರೆಯುತ್ತಾರೆ. ನಾವು ಗೊಣಗಿಕೊಂಡು ಮನೆಗೆ ಬರುತ್ತೇವೆ. ಆದರೆ ನಾಯಿಯನ್ನು ಮುರಿದುಕೊಂಡಾರು ಎಂದು ಯಾರಿಗೆ ತಾನೇ ಹೊಳೆದೀತು.

"ಈಗ ಅಂದಾಜಲ್ಲಿ ಇನ್ನೊಂದು ಡೋಸ್ ಕೊಡಲ್ಲ ಸಾರ್," ಅಂದಳು ಅವಳು. "ಮೊದಲೇ ಗಾಬರಿಯಾಗಿರೋ ನಾಯಿಗೆ ಮದ್ದು ಹತ್ತೋದು ಕಷ್ಟ, ಅದ್ರಲ್ಲಿ ಕಡಿಮೆ ತೂಕಕ್ಕೆ ಲೆಕ್ಕ ಹಾಕ್ಬಿಟ್ಟೆ. ಹಂಗಂತ ಹೆಚ್ಚಾದ್ರೆ ಏಳೋದೇ ಇಲ್ಲ. ಸರಿಯಾದ ತೂಕ ತನ್ನಿ. ಸ್ವಲ್ಪ ಬೇಗ."

ತೂಕದಲ್ಲಿ ಕಳೆಯಬೇಕಲ್ಲ ಎಂದು ನಾಯಿಯ ಕತ್ತಿನ ಸರಪಳಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಮಂಡಿಗೆ ನಡೆದೆ. ಸಾಹುಕಾರ ಕಾಫಿ ಕುಡಿಯುತ್ತಿದ್ದ.

"ನಾಯಿ ತೂಕ ಎಷ್ಟಿತ್ತು?"

"ಹೇಳಿದ್ನಲ್ಲ ಮೇಷ್ಟ್ರೇ, ನಲವತ್ತೆಂಟು. ಕೂತ್ಕೊಳಿ, ಕಾಫಿ ತರಿಸ್ತೀನಿ."

"ನೀನು ಎಷ್ಟು ಹೇಳಿದೆ ಅಂತ ಕೇಳ್ಲಿಲ್ಲ. ಯಂತ್ರ ಎಷ್ಟು ತೋರಿಸ್ತು?"

ಅವನು ಲೋಟ ಕೆಳಗಿಟ್ಟ. ಹೆಂಚಿನ ಕಡೆ ನೋಡಿದ. "ಯಂತ್ರ ಐವತ್ತಾರು ತೋರಿಸ್ತು."

"ಮಿಕ್ಕಿದ್ದು ಎಲ್ಲಿ ಹೋಯ್ತು?"

"ಕೆಳಗೆ ಚೀಲ ಇತ್ತಲ್ಲ ಕಣ್ರೀ. ಕತ್ತಲ್ಲಿ ಸರಪಳಿ."

"ಚೀಲ, ಸರಪಳಿ ಸೇರಿ ಎಂಟು ಕೆಜಿನೇನಯ್ಯ?"

"ತೇವ ಇತ್ತು. ಎದೆಯೆಲ್ಲ ನೆಂದಿತ್ತು, ನೀವೇ ನೋಡಿದ್ರಲ್ಲ."

"ನಾಯೀನ ಒಣಗಿಸಿ ಅಟ್ಟದ ಮೇಲೆ ಹಾಕ್ಲಾ ಹಾಗಾದ್ರೆ?"

"ಅಭ್ಯಾಸ ಬುಡಿ ಮೇಷ್ಟ್ರೇ. ಅಂಕಿ ಕಂಡ ತಕ್ಷಣ ಬಾಯಿ ತಂತಾನೇ ಮುರ್ಕೊಂಡು ಹೇಳ್ಬುಡ್ತು. ನಮ್ಮಪ್ಪನ ಕಾಲದಿಂದ ಬಂದಿದ್ದು."

"ನಾನು ನಾಯಿ ಮಾರೋಕೆ ಬಂದಿರ್ಲಿಲ್ಲ. ನೀನು ಕೊಳ್ಳೋಕೂ ಇರ್ಲಿಲ್ಲ. ಮುರ್ಕೊಂಡಿದ್ದು ಯಾರ ಪಾಲಿಗೆ ಬಂತು, ಹೇಳು."

ಅವನು ನಿಜವಾಗಿಯೂ ಯೋಚಿಸಿದ. ಮುಖದಲ್ಲಿ ಲೆಕ್ಕ ಓಡುತ್ತಿರುವುದು ಕಾಣುತ್ತಿತ್ತು. "ಯಾರಿಗೂ ಇಲ್ಲ," ಅಂದ ಕೊನೆಗೆ. ತನಗೆ ಪ್ರಯೋಜನವಿಲ್ಲದ ಕಡೆಯೂ ಮುರಿದುಕೊಂಡೆನಲ್ಲ ಎಂದು ಸ್ವಲ್ಪ ಬೇಜಾರಾದವನ ಹಾಗೆ ಕಂಡಿತು. ನಾಯಿಗೆ ಏನಾಯಿತು ಎಂದು ಮಾತ್ರ ಕೇಳಲಿಲ್ಲ.

ಸರಪಳಿಯನ್ನೂ ಆ ಚೀಲವನ್ನೂ ಯಂತ್ರದ ಮೇಲೆ ಹಾಕಿಸಿದೆ. ಈ ಸಲ ಅಂಕಿಯ ಎದುರಿಗೆ ನಾನೇ ನಿಂತೆ. ಎರಡೂ ಸೇರಿ ಒಂದು ಕೆಜಿಯೂ ಇರಲಿಲ್ಲ. ಐವತ್ತೈದರ ಮೇಲೆ ನಾಯಿ. ಹೊರಡುವಾಗ ಅವನು, "ನಿಮ್ಮ ಕೊಬ್ಬರಿ ಒಣಗಿರಬೇಕಲ್ಲ ಮೇಷ್ಟ್ರೇ, ಯಾವಾಗ ತರ್ತೀರಿ?" ಅಂದ. ಸರಪಳಿ ಎತ್ತಿಕೊಂಡು ಕ್ಲಿನಿಕ್ಕಿಗೆ ನಡೆದೆ.

ಡಾಕ್ಟರಮ್ಮ ಸರಿಯಾದ ತೂಕಕ್ಕೆ ಉಳಿದಷ್ಟನ್ನು ಲೆಕ್ಕ ಹಾಕಿ ಇನ್ನೊಂದು ಸಣ್ಣ ಇಂಜೆಕ್ಷನ್ ಕೊಟ್ಟಳು. ಈ ಸಲ ಫ್ಯಾನು ಆರಿಸಿ, ಬಾಗಿಲು ಮುಚ್ಚಿ, ಯಾರೂ ಮಾತಾಡಬೇಡಿ ಅಂದಳು. ಆಟೋದವನು ಹೊರಗಿನಿಂದ ಬಾಗಿಲು ಹಿಡಿದುಕೊಂಡು, ಒಳಗೆ ಬರಬೇಕೆನ್ನುವ ಬೆಕ್ಕಿನವರನ್ನೂ ಕೋಳಿಯವರನ್ನೂ ತಡೆದ. ನಾನು ಕೈ ಕಟ್ಟಿ ಗೋಡೆಗೆ ಒರಗಿ ನಿಂತೆ. ನಾಯಿಯ ಹೊಟ್ಟೆ ಮೇಲೆ ಕೆಳಗೆ ಆಗುವುದನ್ನೇ ನೋಡುತ್ತಿದ್ದೆ. ಅದು ಎಷ್ಟು ನಿಧಾನವಾಯಿತೆಂದರೆ ಒಂದು ಸಲ ನಿಂತೇ ಹೋಯಿತು ಅನ್ನಿಸಿತು. ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಮತ್ತೆ ಹೊಟ್ಟೆ ಮೇಲೆದ್ದಿತು.

ಇಕ್ಕಳದಲ್ಲಿ ಹೊರಗೆ ಬಂದದ್ದು ತೆಂಗಿನ ಚಿಪ್ಪಿನ ಒಂದು ತುಂಡು. ಬಿಲ್ಲಿನ ಹಾಗೆ ಬಾಗಿತ್ತು, ಎರಡು ತುದಿಯೂ ಚೂಪು. ಒಳಮೈಗೆ ಇನ್ನೂ ಒಂದಿಷ್ಟು ಕೊಬ್ಬರಿ ಅಂಟಿಕೊಂಡಿತ್ತು. ಅಕ್ಕ ಅಂಗಳದಲ್ಲಿ ಕೂತು ಒಣಗಿದ ಕಾಯಿಯ ಚಿಪ್ಪು ಒಡೆದು ಕೊಬ್ಬರಿ ಗಿಟುಕು ಬಿಡಿಸುವಾಗ ನಾಯಿ ಪಕ್ಕದಲ್ಲೇ ಇರುತ್ತದೆ. ಕೊಬ್ಬರಿ ಅಂಟಿದ ಚಿಪ್ಪನ್ನು ಅವಳು ಅದರ ಕಡೆ ಎಸೆಯುವುದು ಮಾಮೂಲು.

"ನಾನೇ ಕೊಟ್ಟಿದ್ದು," ಅಂದಳು ಅಕ್ಕ.

"ಇನ್ನು ಕೊಡಬೇಡಿ ಅಜ್ಜಿ," ಅಂದಳು ಡಾಕ್ಟರಮ್ಮ, ಅಷ್ಟೇ. ನಾಯಿಯ ವಸಡಿಗೆ ಔಷಧಿ ಹಚ್ಚಿ, ಕಣ್ಣು ಕಿವಿ ನೋಡಿ, ಎದೆ ಕೇಳಿ, ಇದು ಹುಚ್ಚಲ್ಲ, ಗಾಯ ಮಾತ್ರ ಎಂದಳು. ಗಂಜಿ ಕೊಡಿ, ಎಚ್ಚರವಾದ ಮೇಲೆ ನೀರು ತಾನೇ ಕುಡಿಯುತ್ತೆ.

ಚಿಪ್ಪಿನ ತುಂಡನ್ನು ತೊಳೆದು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ.

ನಾವು ತೋಟಕ್ಕೆ ಬಂದಾಗ ಬಿಸಿಲು ಇಳಿಯುತ್ತಿತ್ತು. ದೋಟಿಯವರು ಬೇಲಿಯ ಹತ್ತಿರವೇ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಅವರ ಪಕ್ಕ ಎರಡು ದೊಣ್ಣೆಗಳೂ ಇದ್ದವು. ಬೆಳಗ್ಗೆ ಅವು ಇರಲಿಲ್ಲ. ನಾಯಿ ಗಾಡಿಯಿಂದ ಇಳಿದು, ಇನ್ನೂ ಕಾಲು ತಡವರಿಸುತ್ತ, ಯಾರನ್ನೂ ನೋಡದೆ ನೇರವಾಗಿ ತೊಟ್ಟಿಗೆ ಹೋಯಿತು. ಹಿರಿಯವನು ಎದ್ದು ನಿಂತ. ಒಬ್ಬನ ಕೈ ದೊಣ್ಣೆಯ ಮೇಲಿತ್ತು. ನಾಯಿ ಮೂತಿ ಇಟ್ಟು ಒಂದು ಸಲ ಹಿಂದೆ ಸರಿಯಿತು. ಅಕ್ಕ ಅದರ ಮುಂದೆ ಹೋಗಿ ನಿಂತಳು, ದೊಣ್ಣೆಗೂ ನಾಯಿಗೂ ನಡುವೆ. ನಾಯಿ ಮತ್ತೆ ತಲೆ ಬಗ್ಗಿಸಿ ನೀರು ಕುಡಿಯತೊಡಗಿತು. ಲೊಚಲೊಚ ಎಂದು ಕುಡಿದೇ ಕುಡಿಯಿತು. ಇಡೀ ತೋಟಕ್ಕೆ ಕೇಳಿಸುವ ಹಾಗೆ ಕುಡಿಯಿತು. ಹುಚ್ಚಲ್ಲ, ಬಾಯಲ್ಲಿ ಚಿಪ್ಪು ಸಿಕ್ಕಿಕೊಂಡಿತ್ತು ಎಂದು ಆಟೋದವನು ಅವರಿಗೆ ಕೂಗಿ ಹೇಳಿದ.

"ನಾನು ಬೆಳಗ್ಗೇನೇ ಹೇಳ್ದೆ," ಅಂದ ದೋಟಿಯವನು ಪಕ್ಕದವನಿಗೆ. "ಬಾಯಲ್ಲಿ ಏನೋ ಐತೆ ಅಂತ."

ನಾನು ಕಾಗದ ಬಿಚ್ಚಿ ಚಿಪ್ಪನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದ, ಉಗುರಿನಿಂದ ತಟ್ಟಿದ, ಅಂಟಿದ್ದ ಕೊಬ್ಬರಿಯನ್ನು ಕೆರೆದು ಮೂಸಿದ. ಉಳಿದ ಇಬ್ಬರೂ ದೊಣ್ಣೆ ಬಿಟ್ಟು ಬಂದು ಬಗ್ಗಿ ನೋಡಿದರು. ಚಿಪ್ಪು ಕೈಯಿಂದ ಕೈಗೆ ಹೋಯಿತು.

"ಒಳ್ಳೆ ಬಲಿತ ಕಾಯಿ ಕಣ್ರೀ ಇದು," ಅಂದ ಅವನು. "ಬಾವಿ ಕಡೆ ಮರದ್ದಿರಬೇಕು. ಚಿಪ್ಪು ಎಷ್ಟು ಗಟ್ಟಿ ನೋಡಿ."

ಅವತ್ತು ಅವನು ಹತ್ತಿರದಿಂದ ನೋಡಿದ್ದು ಅದೊಂದನ್ನೇ.

ಹೊತ್ತು ಉಳಿದಿದೆ, ಮನೆಯ ಹತ್ತಿರದ ನಾಲ್ಕು ಮರವನ್ನಾದರೂ ಮುಗಿಸುತ್ತೇವೆ ಎಂದು ದೋಟಿ ಎತ್ತಿಕೊಂಡು ಒಳಗೆ ಬಂದರು. ಆಟೋದವನು ಬಾವಿಯ ನೀರು ಸೇದಿ ಗಾಡಿ ತೊಳೆಯುತ್ತಿದ್ದ. ನನ್ನ ಎರಡನೆಯ ಸ್ನಾನ ಇನ್ನೂ ಆಗಿರಲಿಲ್ಲ. ಮೊದಲ ಗೊನೆ ಧೊಪ್ಪೆಂದು ಬಿತ್ತು. ನಾಯಿ ತೊಟ್ಟಿಯಿಂದ ಹಾರಿ, ಬಾಯಿಯಿಂದ ನೀರು ಸುರಿಸುತ್ತ, ಅಕ್ಕನ ಮನೆಯೊಳಗೆ ಓಡಿತು. ಒಳಗೆ ಮಂಚ ಎದ್ದು ಬಿದ್ದ ಸದ್ದು ಕೇಳಿಸಿತು.

ದೋಟಿಯವನು ಮೇಲೆ ನೋಡುತ್ತಿದ್ದ ಕಣ್ಣನ್ನು ಇಳಿಸಲಿಲ್ಲ. "ನಾಯಿ ಸುಮ್ನೆ ಪುಕ್ಕಲು ಅಷ್ಟೇ ಬುಡಿ," ಅಂದ.

ಅಕ್ಕ ಒಲೆ ಹಚ್ಚಿದಳು, ಎರಡು ಪಾಲು ಗಂಜಿಗೆ.